ಒಲೆಬೆಕ್ಕು

ಬೇಕರಿಯ ಒಳಕೋಣೆಯಲ್ಲಿ ದಿನದ ಜಗಳ ಶುರುವಾಗುತ್ತಿದ್ದದ್ದು ಕಿಟಕಿಯಿಂದ. ಓವನ್ ಕಾದ ಕೂಡಲೇ ಮಾಸ್ಟರ್ ಬನಿಯನ್ನಿನ ತುದಿಯಲ್ಲಿ ಬೆವರೊರೆಸಿಕೊಂಡು ಕಿಟಕಿ ತೆಗೆಯುತ್ತಿದ್ದ. ಅವನು ಹಿಟ್ಟಿನ ಕಡೆ ತಿರುಗಿದ್ದೇ ತಡ, ಓವನ್ ಪಕ್ಕದ ಸ್ಟೂಲಿನ ಮೇಲೆ ಕೂತು ಬನ್ನುಗಳನ್ನು ಕವರಿಗೆ ತುಂಬುತ್ತಿದ್ದ, ಬೇಕರಿ ಒಡತಿಯ ತಂಗಿ ಮೆಲ್ಲಗೆ ಎದ್ದು ಅದನ್ನು ಮುಚ್ಚಿ ಬರುತ್ತಿದ್ದಳು. ಉಳಿದವರ ಬೆನ್ನಿನಲ್ಲಿ ಬೆವರು ಧಾರೆಯಾಗಿ ಇಳಿಯುವಾಗ ಅವಳ ಮೈಮೇಲೆ ಕಂದು ಬಣ್ಣದ ಉಣ್ಣೆಯ ಸ್ವೆಟರ್.

"ಚಿಕ್ಕಕ್ಕಾ, ಬನ್ನಿನ ಜೊತೆ ನಾವೂ ಬೇಯಬೇಕಾ?" ಎನ್ನುತ್ತಿದ್ದ ಮಾಸ್ಟರ್.

"ಗಾಳಿ ಕೊರೆಯುತ್ತೆ ಕಣಪ್ಪಾ."

"ಬಿಡೋ, ಅದು ಒಲೆಬೆಕ್ಕು. ಬೂದಿ ಸಿಕ್ಕಿದ್ರೆ ಅಲ್ಲೇ ಸುರುಳಿ ಸುತ್ತಿ ಮಲಗುತ್ತೆ," ಎಂದು ಅಕ್ಕ ಹೊರಗಿನ ಗಲ್ಲಾಪೆಟ್ಟಿಗೆಯಿಂದಲೇ ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ತಂಗಿಯೂ ನಗುತ್ತಿದ್ದಳು.

ಬೇಕರಿ ಅಕ್ಕನದು. ಗಿರಾಕಿಗಳಿಗೂ ಅವಳು ಅಕ್ಕನೇ. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಒಲೆಬೆಕ್ಕು ಎಂಬ ಹೆಸರಿಟ್ಟವಳೂ ಅವಳೇ. ಆ ಹೆಸರಿಗೆ ಇಪ್ಪತ್ತು ವರ್ಷವಾಗಿತ್ತು. ತಂಗಿಯ ಗಂಡನ ಮನೆಯವರು, "ನಿಮ್ಮ ಹುಡುಗಿ ಬಾಳೋಕೆ ಬಂದಿಲ್ಲ, ಮಲಗೋಕೆ ಬಂದಿದ್ದಾಳೆ" ಎಂದು ಅವಳನ್ನು ವಾಪಸ್ ಬಿಟ್ಟುಹೋದ ಮೇಲೆ ಅಕ್ಕನೇ ಕರೆದು ಇಟ್ಟುಕೊಂಡಿದ್ದಳು. ಅನ್ನ ಹಾಕಿದ ಕೈಗೆ ಆಡಿಕೊಳ್ಳುವ ಹಕ್ಕೂ ಇರುತ್ತದೆ ಎಂದು ಅಕ್ಕ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಹಾಗೆ ನಡೆದುಕೊಂಡಿದ್ದಳು, ಅಷ್ಟೆ.

ಆ ವಾರ ಮಾತ್ರ ನಗುವ ವಿಷಯ ನಡೆದಿರಲಿಲ್ಲ. ಮಾಸ್ಟರ್ ಹಿಟ್ಟಿನ ಮೂಟೆ ಇಳಿಸಲು ಹೋಗಿದ್ದಾಗ, ಬ್ರೆಡ್ಡನ್ನು ನೋಡಿಕೋ ಎಂದು ತಂಗಿಗೆ ಹೇಳಿದ್ದ. ಅವಳು ಸ್ಟೂಲಿನ ಮೇಲೆಯೇ ತೂಕಡಿಸಿದ್ದಳು. ಅಷ್ಟೂ ಬ್ರೆಡ್ಡು ಇದ್ದಿಲಾಗಿತ್ತು. ಅಂದು ಅಕ್ಕನ ಗಂಡ ದನಿ ಏರಿಸದೆಯೇ ಮಾತು ಮುಗಿಸಿದ್ದ.

"ಪ್ಯಾಕಿಂಗಿಗೆ ಬೇರೆ ಹುಡುಗಿ ನೋಡೋಣ. ನಿನ್ನ ತಂಗಿ ಸ್ವಲ್ಪ ದಿನ ನಿಮ್ಮ ಅಣ್ಣನ ಮನೇಲಿರಲಿ. ನಾಳೆ ಓವನ್‌ಗೆ ಬೆಂಕಿ ಹತ್ತಿಕೊಂಡ್ರೆ ಗತಿ ಏನು?"

ಅಕ್ಕ ಹೂಂ ಅಂದಿದ್ದಳು. ಮುಂದಿನ ತಿಂಗಳು ಕಳಿಸುವುದೆಂದು ತೀರ್ಮಾನವಾಯಿತು. ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ಹೇಗಿರುತ್ತದೆಂದು ಮೂವರಿಗೂ ಗೊತ್ತಿತ್ತು. ತಂಗಿ ಮಾತ್ರ, "ಆಯ್ತಕ್ಕ" ಎಂದಿದ್ದಳು.

ಇದೇ ಹೊತ್ತಿಗೆ ಅಕ್ಕನ ಮಗಳು ಸೊರಗಿದಳು. ಕೇಕಿನ ಮೇಲೆ ಕ್ರೀಮಿನ ಗುಲಾಬಿ ಬಿಡಿಸುವುದು ಅವಳ ಕೆಲಸ. ಬೆರಳು ಮರಗಟ್ಟುತ್ತದೆ ಎನ್ನತೊಡಗಿದಳು. ಬಾಚಣಿಗೆ ತುಂಬ ಕೂದಲು. ಎಷ್ಟು ಮಲಗಿದರೂ ಸಾಲದು. ಅಕ್ಕ ಕಾಯಲಿಲ್ಲ. ವಾರ ಕಳೆಯುವುದರೊಳಗೆ ಮಗಳನ್ನು ಡಾಕ್ಟರಮ್ಮನ ಮುಂದೆ ಕೂರಿಸಿದಳು, ರಕ್ತ ಪರೀಕ್ಷೆಯೂ ಆಯಿತು.

"ಥೈರಾಯ್ಡ್ ಗ್ರಂಥಿ ಕೆಲಸ ಕಮ್ಮಿ ಮಾಡ್ತಿದೆ," ಎಂದರು ಡಾಕ್ಟರಮ್ಮ ತಮ್ಮದೇ ಕತ್ತಿನ ಮುಂಭಾಗ ಮುಟ್ಟಿ ತೋರಿಸುತ್ತ. "ಇಲ್ಲಿರುತ್ತೆ. ಮೈಯ ಎಲ್ಲ ಕೆಲಸಕ್ಕೂ ವೇಗ ಕೊಡೋದು ಇದೇ. ಇದು ಮಂದ ಆದ್ರೆ ಎಲ್ಲಾನೂ ಮಂದ."

"ಯಾಕೆ ಬಂತು ಡಾಕ್ಟ್ರೇ? ದಿನಾ ಬೇಕರಿ ತಿಂಡಿ ತಿಂತಾಳೆ, ಅದಕ್ಕಾ?"

"ಅಲ್ಲ. ರೋಗಾಣುಗಳನ್ನ ಓಡಿಸೋಕೆ ಮೈಯೊಳಗೇ ಒಂದು ಕಾವಲು ಇರುತ್ತೆ. ಕೆಲವರಲ್ಲಿ ಅದು ದಾರಿ ತಪ್ಪಿ ಸ್ವಂತ ಗ್ರಂಥಿ ಮೇಲೇ ಬೀಳುತ್ತೆ. ಬೇಲಿನೇ ಎದ್ದು ಹೊಲ ಮೇಯೋದು ಅಂತಾರಲ್ಲ, ಹಾಗೆ. ಯಾಕೆ ದಾರಿ ತಪ್ಪುತ್ತೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ಹೆಂಗಸರಲ್ಲಿ ಜಾಸ್ತಿ. ಒಂದೇ ರಕ್ತದವರಲ್ಲಿ ಬರೋದೂ ಉಂಟು. ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?"

"ಇಲ್ಲ ಡಾಕ್ಟ್ರೇ, ನಮ್ಮದೆಲ್ಲ ಗಟ್ಟಿ ಜೀವ."

"ಅಮ್ಮಾ, ಚಿಕ್ಕಮ್ಮ?" ಎಂದಳು ಮಗಳು.

"ಅವಳಿಗೇನು ಕಾಯಿಲೆ? ಅವಳು ಸೋಮಾರಿ ಅಷ್ಟೆ."

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. "ಸೋಮಾರಿ ಅಂದ್ರೆ? ಏನು ಮಾಡ್ತಾರೆ ಹೇಳಿ."

ತಂಗಿಯ ಬಗ್ಗೆ ಹೇಳು ಎಂದರೆ ಅಕ್ಕ ಕಂಜೂಸುತನ ಮಾಡುವವಳಲ್ಲ. "ಏನು ಮಾಡಲ್ಲ ಅಂತ ಕೇಳಿ! ಎಷ್ಟು ನಿದ್ದೆ ಮಾಡಿದ್ರೂ ಕೂತಲ್ಲೇ ತೂಕಡಿಸ್ತಾಳೆ. ಉರಿಯೋ ಓವನ್ ಪಕ್ಕ ಸ್ವೆಟರ್ ಹಾಕ್ಕೊಂಡು ಚಳಿ ಅಂತಾಳೆ. ಊಟ ನಮ್ಮೆಲ್ಲರಿಗಿಂತ ಕಮ್ಮಿ, ಮೈ ಮಾತ್ರ ಊದಿಕೊಂಡಿದೆ. ಬೆಳಿಗ್ಗೆ ಮುಖ ನೋಡಿದ್ರೆ ರಾತ್ರಿಯೆಲ್ಲ ಅತ್ತವಳ ಹಾಗಿರುತ್ತೆ. ದನಿ ಅಂತೂ ಗಂಟಲಲ್ಲಿ ಹಿಟ್ಟು ಸಿಕ್ಕಿಕೊಂಡ ಹಾಗೆ. ಇನ್ನು ಕೂದಲು..."

ಕೂದಲು ಎಂದವಳು ಅಲ್ಲಿಗೇ ನಿಂತಳು. ಸ್ವಲ್ಪ ಹೊತ್ತಿನ ಮುಂಚೆ ಇದೇ ಕುರ್ಚಿಯಲ್ಲಿ ಕೂತು, ಇದೇ ನಿದ್ದೆ, ಇದೇ ಕೂದಲಿನ ಮಾತನ್ನು ಕಣ್ಣು ತುಂಬಿಕೊಂಡು ಹೇಳಿದ್ದಳು. ಆಗ ಅದು ಮಗಳ ಕಾಯಿಲೆಯಾಗಿತ್ತು. ಈಗ ತಂಗಿಯ ಸೋಮಾರಿತನವಾಗಿತ್ತು.

"ಅವರನ್ನ ಕರ್ಕೊಂಡು ಬನ್ನಿ," ಎಂದರು ಡಾಕ್ಟರಮ್ಮ.

ಬಸ್ ಇಳಿಯುವಾಗ ಮಗಳು, "ನನಗೆ ಒಂದು ವಾರ. ಚಿಕ್ಕಮ್ಮನಿಗೆ ಇಪ್ಪತ್ತು ವರ್ಷ ಅಲ್ವಾಮ್ಮ?" ಎಂದಳು. ಹಿಟ್ಟು ಉಬ್ಬದಿದ್ದರೆ ಅಕ್ಕ ಯೀಸ್ಟ್ ನೋಡುತ್ತಿದ್ದಳು, ನೀರಿನ ಬಿಸಿ ನೋಡುತ್ತಿದ್ದಳು. ಹಿಟ್ಟನ್ನು ಸೋಮಾರಿ ಎಂದು ಬೈದವಳಲ್ಲ.

ಆದರೆ ತಂಗಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಮಗಳಿಗೆ ಕಾಯಿಲೆ ಬಂದ್ರೆ ನನಗ್ಯಾಕೆ ಸೂಜಿ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು," ಎಂದು ಬನ್ನು ತುಂಬುತ್ತಲೇ ನಕ್ಕಳು.

"ತಮಾಷೆ ಬೇಡ ಕಣೇ. ನಾಳೆ ಹೋಗೋಣ."

"ಬೇಡಕ್ಕ. ನನ್ನ ಸ್ವಭಾವವೇ ಹೀಗೆ."

"ಒಂದು ತೊಟ್ಟು ರಕ್ತ ಕೊಡೋಕೆ ಏನು ಕಷ್ಟ ನಿನಗೆ?"

ತಂಗಿ ಕವರು ಕೆಳಗಿಟ್ಟಳು. ಅವಳ ದಪ್ಪ ದನಿ ಇನ್ನಷ್ಟು ನಿಧಾನವಾಯಿತು. "ರಕ್ತ ನೋಡಿ ಏನೂ ಇಲ್ಲ ಅಂದ್ರೆ? ಈಗ ಬರೀ ಸೋಮಾರಿ. ಆಮೇಲೆ ಸರ್ಟಿಫಿಕೇಟ್ ಸಮೇತ ಸೋಮಾರಿ ಆಗ್ತೀನಿ. ಅಣ್ಣನ ಮನೆಗೆ ಅದನ್ನೂ ಹೊತ್ತುಕೊಂಡು ಹೋಗಲಾ?"

ಮಾಸ್ಟರ್ ಹಿಟ್ಟು ನಾದುವುದನ್ನು ನಿಲ್ಲಿಸಿದ. ಅಕ್ಕನಿಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ನಗುತ್ತಿದ್ದವಳು ನಿಜಕ್ಕೂ ನಗುತ್ತಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ತಂಗಿಯ ಕೈ ಹಿಡಿದಳು. ಓವನ್ ಪಕ್ಕದಲ್ಲೇ ಇದ್ದ ಆ ಕೈ ಫ್ರಿಜ್ಜಿನಿಂದ ತೆಗೆದ ಬೆಣ್ಣೆಯಷ್ಟು ತಣ್ಣಗಿತ್ತು.

"ಏನೂ ಇಲ್ಲ ಅಂತ ಬಂದ್ರೂ ನೀನು ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತೀಯ. ಇನ್ನೇನು ಹೇಳಲಿ? ಬಾರೇ, ನನಗೋಸ್ಕರ ಬಾ."

ರಿಪೋರ್ಟು ಬಂದಾಗ ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು. ಮಗಳದ್ದೇ ಕಾಯಿಲೆ, ಮಗಳದ್ದಕ್ಕಿಂತ ಬಹಳ ಮುಂದುವರಿದದ್ದು. "ಇಷ್ಟರಲ್ಲಿ ಇವರು ದಿನಾ ಎದ್ದು ಕೆಲಸಕ್ಕೆ ಬರ್ತಿದ್ದದ್ದೇ ದೊಡ್ಡದು. ಸೋಮಾರಿ ಅಂತ ಹೆಸರಿಟ್ಟವರು ಯಾರು?"

"ನಾನೇ," ಎಂದಳು ಅಕ್ಕ.

ತಂಗಿ ಸೆರಗಿನ ಅಂಚು ಸುರುಳಿ ಸುತ್ತುತ್ತ ಕೇಳಿದಳು, "ಎರಡು ಸಲ ಹೊಟ್ಟೇಲಿ ಮಗು ನಿಲ್ಲಲಿಲ್ಲ ಡಾಕ್ಟ್ರೇ. ಅದೂ ಇದರಿಂದಲೇನಾ?"

"ಇರಬಹುದು. ಈಗ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಅದು ನಿಮ್ಮ ತಪ್ಪಂತೂ ಅಲ್ಲ."

ತಂಗಿ ತಲೆಯಾಡಿಸಿದಳು. ಆ ಮಾತನ್ನು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಒಂದು ಸಣ್ಣ ಬಿಳಿ ಮಾತ್ರೆ. ಗ್ರಂಥಿ ಕೊಡಬೇಕಾದ್ದನ್ನು ಅದು ಹೊರಗಿನಿಂದ ಕೊಡುತ್ತದೆ. ಕಡಿಮೆ ಪ್ರಮಾಣದಲ್ಲಿ ಶುರುಮಾಡಿ, ರಕ್ತ ನೋಡಿ ನೋಡಿ ಹೆಚ್ಚಿಸಬೇಕು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ನಡೆಯುವುದಿಲ್ಲ. ಮೈ ಹಗುರಾಯಿತೆಂದು ತಾವಾಗಿಯೇ ನಿಲ್ಲಿಸುವಂತೆಯೂ ಇಲ್ಲ.

"ಜೀವನಪೂರ್ತಿ ಮಾತ್ರೆನಾ? ಅದೊಂದು ಚಟ ಆಗಿಬಿಡಲ್ವಾ?" ಎಂದ ಅಕ್ಕನ ಗಂಡ, ಅವರು ಬೇಕರಿಗೆ ವಾಪಸ್ ಬಂದಾಗ. ಅವನ ಮಾತಿನಲ್ಲಿ ಕುಹಕವಿರಲಿಲ್ಲ, ಮಗಳ ಚಿಂತೆಯೂ ಸೇರಿತ್ತು.

"ನಿಮ್ಮ ಕನ್ನಡಕ ಏನು ಚಟವಾ? ಬೇಕು ಅಂತ ಹಾಕ್ಕೊಳ್ತೀರಿ ತಾನೆ?" ಎಂದಳು ಅಕ್ಕ.

ಅವನು ಕನ್ನಡಕ ಸರಿಮಾಡಿಕೊಂಡ. "ಸರಿ, ಪ್ಯಾಕಿಂಗಿಗೆ ಹೊಸ ಹುಡುಗಿಗೆ ಹೇಳಿಬಿಟ್ಟಿದ್ದೀನಲ್ಲ?"

"ಬರಲಿ. ಕೆಲಸಕ್ಕೇನು ಬರ? ಇವಳು ಇಲ್ಲೇ ಇರ್ತಾಳೆ. ಓವನ್ ನೋಡಿಕೊಳ್ಳೋ ಕೆಲಸ ಸದ್ಯಕ್ಕೆ ಬೇಡ, ಅಷ್ಟೆ."

ಹೊಸ ಹುಡುಗಿ ಬಂದಳು. ಅಣ್ಣನ ಮನೆಗೆ ಹೋಗಬೇಕಿದ್ದ ತಿಂಗಳು ಹಾಗೆಯೇ ಕಳೆಯಿತು.

ಮುಂದಿನ ರಕ್ತ ಪರೀಕ್ಷೆಯಲ್ಲಿ ಮಗಳ ಫಲಿತಾಂಶವಾಗಲಿ ತಂಗಿಯದ್ದಾಗಲಿ ಅಂದುಕೊಂಡಷ್ಟು ಸುಧಾರಿಸಿರಲಿಲ್ಲ. ಮಾತ್ರೆ ಹೇಗೆ ತಗೊಳ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಬೇಕರಿಯಲ್ಲಿ ಬೆಳಗಾಗುತ್ತಿದ್ದದ್ದೇ ಕಾಫಿಯಿಂದ. ಅಕ್ಕನೇ ಹಾಲು ಕಾಯಿಸಿ, ಲೋಟದ ಜೊತೆ ಮಾತ್ರೆಯನ್ನೂ ಪ್ರೀತಿಯಿಂದ ಇಬ್ಬರ ಕೈಗೂ ಕೊಡುತ್ತಿದ್ದಳು.

"ಕಾಫಿ ಜೊತೆ ತಗೊಂಡ್ರೆ ಮೈಗೆ ಸರಿಯಾಗಿ ಹತ್ತಲ್ಲ. ಖಾಲಿ ಹೊಟ್ಟೇಲಿ, ಬರೀ ನೀರಲ್ಲಿ. ಕಾಫಿ, ತಿಂಡಿ ಎಲ್ಲ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆಯಾದ್ರೂ ದೂರ ಇರಲಿ."

"ಅಯ್ಯೋ ನನ್ನ ಉಪಕಾರವೇ!" ಎಂದು ಅಕ್ಕ ಹಣೆ ಚಚ್ಚಿಕೊಂಡಳು.

ಮರುದಿನದಿಂದ ಬೇಕರಿಯಲ್ಲಿ ಎಲ್ಲರ ಕಾಫಿಯೂ ತಡವಾಯಿತು. ಇಬ್ಬರು ವಾಸನೆ ಕುಡಿದು ಕೂರುವಾಗ ಉಳಿದವರು ಲೋಟ ಎತ್ತುವುದು ಬೇಡ ಎಂದು ಅಕ್ಕ ಹುಕುಂ ಹೊರಡಿಸಿದಳು. ಕಾಫಿಯಿಲ್ಲದೆ ಕಣ್ಣು ಬಿಡದ ಅವಳ ಗಂಡ, ಹಾಲಿನ ಪಾತ್ರೆಯ ಸುತ್ತ ಸುತ್ತಿ ಸುತ್ತಿ ಗೊಣಗಿದ. ಒಂದು ವಾರದಲ್ಲಿ ಅವನೇ, "ಮಾತ್ರೆ ಆಯ್ತೇನಮ್ಮ?" ಎಂದು ನಾದಿನಿಯನ್ನು ಕೇಳತೊಡಗಿದ, ಬೇಗ ಕಾಫಿ ಸಿಗಲಿ ಎಂಬ ಆಸೆಗೆ.

ಕಿಟಕಿಯ ಜಗಳವೂ ನಿಂತಿತು. ಅದನ್ನು ಯಾರೂ ತೆಗೆಯಕೂಡದೆಂದು ಅಕ್ಕ ಹೇಳಿದ್ದಳು. ಸೆಕೆಗೆ ಮಾಸ್ಟರ್ ಟವೆಲ್ ಒದ್ದೆ ಮಾಡಿ ಹೆಗಲಿಗೆ ಹಾಕಿಕೊಂಡ. ಅಕ್ಕನೂ ಗಲ್ಲಾಪೆಟ್ಟಿಗೆ ಬಿಟ್ಟು ದಿನಕ್ಕೆ ಸ್ವಲ್ಪ ಹೊತ್ತು ಒಳಗೆ ಬಂದು, ಬೆವರು ಸುರಿಸುತ್ತ ತಂಗಿಯ ಎದುರು ಕೂತು ಬನ್ನು ತುಂಬುತ್ತಿದ್ದಳು. ಒಲೆಬೆಕ್ಕು ಎಂಬ ಮಾತು ಕೆಲವು ಸಲ ನಾಲಿಗೆಯ ತುದಿಗೆ ಬಂದು ವಾಪಸ್ ಹೋಯಿತು. ಒಮ್ಮೆ ತಪ್ಪಿ ಹೊರಗೇ ಬಂತು. ಅಂದು ಮಧ್ಯಾಹ್ನದವರೆಗೆ ಅಕ್ಕ ತಂಗಿಯ ಮುಖ ನೋಡಲಿಲ್ಲ.

ಗುಣ ಒಮ್ಮೆಗೇ ಕಾಣಲಿಲ್ಲ. ಮಗಳ ಬೆರಳು ಮೊದಲು ಸಡಿಲವಾಯಿತು, ಗುಲಾಬಿಯ ಎಸಳು ತೆಳ್ಳಗಾಯಿತು. ತಂಗಿಗೆ ತಿಂಗಳುಗಳೇ ಬೇಕಾದವು. ಎರಡು ಸಲ ಮಾತ್ರೆಯ ಪ್ರಮಾಣ ಬದಲಾಯಿತು. ನಡುವೆ ಒಮ್ಮೆ ಅವಳು, "ಇದೆಲ್ಲ ಸುಮ್ಮನೆ ಅಕ್ಕ" ಎಂದು ಮಲಗಿಬಿಟ್ಟಳು. ಅಕ್ಕ ಏಳು ಎನ್ನಲಿಲ್ಲ, ಹೊದಿಕೆ ತಂದು ಹೊದಿಸಿದಳು.

ಒಂದು ಬೆಳಿಗ್ಗೆ ಓವನ್ ಎಂದಿನಂತೆ ಕಾದಿತ್ತು. ಮಾಸ್ಟರ್ ಬ್ರೆಡ್ಡಿನ ಟ್ರೇ ಒಳಗೆ ತಳ್ಳುತ್ತಿದ್ದ. ಅಕ್ಕ ಮತ್ತು ತಂಗಿ ಎದುರುಬದುರು ಕೂತಿದ್ದರು. ತಂಗಿ ಎರಡು ಮೂರು ಸಲ ಕತ್ತಿನ ಬಳಿ ಸ್ವೆಟರ್ ಎಳೆದುಕೊಂಡಳು. ಆಮೇಲೆ ಬೇಸರದಿಂದ ತಲೆಯೆತ್ತಿದಳು.

"ಅದೇನಕ್ಕ, ಆ ಕಿಟಕಿ ಹಗಲೂ ರಾತ್ರಿ ಮುಚ್ಚೇ ಇಟ್ಟಿರ್ತೀರಿ? ಸೆಕೆ ಆಗಲ್ವಾ ನಿಮಗೆ?"

ಮಾಸ್ಟರ್ ಟ್ರೇ ಹಿಡಿದವನು ಹಿಡಿದೇ ನಿಂತ.

ಅಕ್ಕ ಎದ್ದಳು. ಬಹಳ ದಿನ ಮುಚ್ಚಿದ್ದ ಕಿಟಕಿ ಹಿಟ್ಟಿನ ಧೂಳಿಗೆ ಗಟ್ಟಿ ಕಚ್ಚಿಕೊಂಡಿತ್ತು. ಅಂಗೈಯಿಂದ ಎರಡು ಸಲ ಗುದ್ದಿದಳು, ಬರಲಿಲ್ಲ. ಮೂರನೆಯ ಸಲ ಭುಜ ಕೊಟ್ಟು ನೂಕಿದಾಗ ಅದು ಕಿರುಗುಟ್ಟಿ ತೆರೆದುಕೊಂಡಿತು. ಬೆಳಗಿನ ಗಾಳಿ ಒಳಗೆ ಬಂತು. ಅಕ್ಕ ಹೊರಗೆ ನೋಡುತ್ತ ಅಲ್ಲಿಯೇ ನಿಂತಳು.

"ಅಳ್ತಿದ್ದೀಯೇನೆ ಅಕ್ಕ?"

"ಬೆವರು ಕಣೇ."

"ಕಣ್ಣು ಮಾತ್ರ ಬೆವರುತ್ತಾ?" ಎಂದು ಕೇಳುತ್ತ ತಂಗಿ ಸ್ವೆಟರ್ ಬಿಚ್ಚಿ ಮೊಳೆಗೆ ಹಾಕಿದಳು. "ಬಾ, ಇನ್ನೂ ಎರಡು ಟ್ರೇ ಬನ್ನಿದೆ. ಸೋಮಾರಿ ಹಾಗೆ ನಿಂತುಬಿಟ್ಟೆಯಲ್ಲ."