ಅದಲುಬದಲು ನಿಲ್ಲಿಸಿದ ಜೋಡಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಸೂಜಿಯಕ್ಕ ಎನ್ನುತ್ತಿದ್ದರು. ಕಣ್ಣಿಗೆ ಕಾಣದ ಶಿಲೀಂಧ್ರದ ಬೀಜಕವನ್ನು ಗಾಜಿನ ಸೂಜಿಯ ತುದಿಯಿಂದ ಎತ್ತಿ, ಪಕ್ಕದ್ದಕ್ಕೆ ತಾಕಿಸದೆ ತಟ್ಟೆಗಿಡುವುದು ಆ ಮಹಡಿಯಲ್ಲಿ ಅವಳೊಬ್ಬಳಿಗೇ ಒಲಿದ ವಿದ್ಯೆ. ಇಪ್ಪತ್ತೆರಡು ವರ್ಷ ಬೇರೆಯವರ ಪ್ರಶ್ನೆಗಳಿಗೆ ಬೀಜಕ ಎತ್ತಿಕೊಟ್ಟವಳಿಗೆ ಈಗ ತನ್ನದೇ ಆದ ಒಂದು ಸಂಗತಿ ಸಿಕ್ಕಿತ್ತು.

ಹೂವಿನಲ್ಲಿ ಪರಾಗದ ಜಾಗಕ್ಕೆ ಕರಿಪುಡಿ ತುಂಬುವ ಶಿಲೀಂಧ್ರ ಅದು. ಅದರಲ್ಲಿ ಗಂಡು ಹೆಣ್ಣಿಲ್ಲ. ಒಂದನೆಯ ಬಗೆ, ಎರಡನೆಯ ಬಗೆ, ಅಷ್ಟೆ. ಒಂದು ಇನ್ನೊಂದನ್ನೇ ಕೂಡಬೇಕು. ಬಗೆಯನ್ನು ಹೊತ್ತ ಜೋಡಿ ವರ್ಣತಂತುಗಳು ಬಗೆಯನ್ನು ನಿರ್ಧರಿಸುವ ಜಾಗದ ಸುತ್ತಮುತ್ತ ಬಿಟ್ಟು ಉಳಿದೆಡೆ ತುಣುಕುಗಳನ್ನು ಧಾರಾಳವಾಗಿ ಅದಲುಬದಲು ಮಾಡಿಕೊಳ್ಳುತ್ತವೆ. ತಟ್ಟೆಯಲ್ಲಿ ಬೆಳೆದ ಶಿಲೀಂಧ್ರದ ಬಣ್ಣವೂ ಅದೇ ವರ್ಣತಂತುವಿನ ಮೇಲಿನ ಗುಣ; ಹಾಗಾಗಿ ಹಳೆಯ ಮಾದರಿಯಲ್ಲಿ ಗುಲಾಬಿ, ಬಿಳಿ ಬಣ್ಣಗಳು ಎರಡೂ ಬಗೆಯಲ್ಲಿ ಬೆರೆತು ಸಿಗುತ್ತಿದ್ದವು. ಹೊಸ ಹೂವಿನಿಂದ ತಂದದ್ದರಲ್ಲೋ, ಗುಲಾಬಿಯೆಲ್ಲ ಒಂದನೆಯದು, ಬಿಳಿಯೆಲ್ಲ ಎರಡನೆಯದು! ಅದಲುಬದಲಿನ ನಿಷೇಧ ಬಣ್ಣದವರೆಗೂ ಹಬ್ಬಿತ್ತು.

ಕೂಡುವುದಕ್ಕೂ ಬಣ್ಣಕ್ಕೂ ಏನು ಸಂಬಂಧ? ಹಿಂದೆ ಒಂದೇ ಅಡುಗೆಮನೆಯಲ್ಲಿದ್ದಾಗ ತನಗೂ ವಾರಗಿತ್ತಿಗೂ ಜಗಳವಾಗಿ ಮೊದಲು ನಿಂತದ್ದು ಒಂದು ಪಾತ್ರೆಯ ಕೊಡುಕೊಳ್ಳುವಿಕೆ, ಆಮೇಲೆ ಡಬ್ಬಿಗಳದು, ಕೊನೆಗೆ ಛತ್ರಿಯದೂ. ಆ ಜಗಳಕ್ಕೂ ಛತ್ರಿಗೂ ಸಂಬಂಧವೇ ಇರಲಿಲ್ಲ. ನೆನೆದು ಒಬ್ಬಳೇ ನಕ್ಕಳು.

ಅವಳು ತಂದು ತೋರಿಸಿದ್ದನ್ನು ನೋಡಿ ವಿಭಾಗದ ಮುಖ್ಯಸ್ಥರಾದ ಮೇಷ್ಟ್ರು ನಗಲಿಲ್ಲ.

"ಅಲ್ಲಮ್ಮ, ತಟ್ಟೆಗಳನ್ನ ಬಣ್ಣದ ಪ್ರಕಾರ ಜೋಡಿಸಿಟ್ಟು ಆಮೇಲೆ ಬಗೆ ನೋಡಿದ್ದೀರಿ. ಗುಲಾಬಿ ಅಂತ ಗೊತ್ತಿದ್ದ ಮೇಲೆ ಕಣ್ಣು ತನಗೆ ಬೇಕಾದ್ದನ್ನೇ ಕಾಣತ್ತೆ."

ಅವಳ ಮುಖ ಕೆಂಪಾಯಿತು. ಮನೆಯ ಕಪಾಟಿನ ಒಪ್ಪ ಓರಣ ಇಲ್ಲಿ ಕೈಕೊಟ್ಟಿತ್ತು.

"ಬಣ್ಣ ಮುಚ್ಚಿಟ್ಟು ಕೊಡಿ ಸಾರ್. ಮತ್ತೆ ನೋಡ್ತೀನಿ."

"ತಪ್ಪಿದ್ರೆ?"

"ನೀವು ಬರೀತಿರೋ ಪ್ರಬಂಧದಿಂದ ನನ್ನ ಭಾಗ, ಹೆಸರು ಎರಡೂ ತೆಗೆದುಬಿಡಿ."

ಮರುದಿನ ಬೆಳಗ್ಗೆ ಅರವತ್ತು ಹನಿಗಳು ಸಿದ್ಧವಿದ್ದವು, ಮೇಲೆ ಬರೀ ಅಂಕಿ. ಪ್ರತಿ ಹನಿಗೂ ಮೇಷ್ಟ್ರು ಎರಡನೆಯ ಬಗೆಯ ಕೋಶಗಳನ್ನು ಬೆರೆಸಿದ್ದರು. ನಡುವೆ ಕೊಳವೆ ಬೆಳೆದು ಕೂಡಿದ್ದರೆ ಒಂದನೆಯ ಬಗೆ, ಇಲ್ಲದಿದ್ದರೆ ಎರಡನೆಯದು. ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹೇಳುತ್ತಾ ಹೋದಳು. ಬಣ್ಣದ ಪಟ್ಟಿ ಹಿಡಿದ ಮೇಷ್ಟ್ರು ಗುರುತು ಹಾಕುತ್ತಾ ಹೋದರು. ನಲವತ್ತೊಂದನೆಯ ಹನಿಗೆ ಅವಳು "ಒಂದು" ಎಂದಾಗ ಪೆನ್ಸಿಲ್ ನಿಂತಿತು.

"ಸರಿಯಾಗಿ ನೋಡಿ. ಇದು ಬಿಳಿ."

ಅವಳು ಸೂಕ್ಷ್ಮದರ್ಶಕದ ತಿರುಪು ತಿರುಗಿಸಿದಳು. ಮತ್ತೆ ನೋಡಿದಳು. ಕೊಳವೆ ಸ್ಪಷ್ಟವಾಗಿತ್ತು. "ಎರಡು" ಎಂದರೆ ಎಲ್ಲವೂ ಉಳಿಯುತ್ತದೆ. ನಾಲಗೆ ತುದಿಗೆ ಬಂದೂ ಬಂತು.

"ಬಿಳಿಯೋ ಕರಿಯೋ, ಕೂಡಿವೆ ಸಾರ್. ಒಂದು ಅಂತಲೇ ಬರ್ಕೊಳ್ಳಿ."

ಅರವತ್ತು ಮುಗಿದಾಗ ಹಾಗೆ ಬಣ್ಣಕ್ಕೂ ಬಗೆಗೂ ತಾಳೆಯಾಗದವು ಮೂರಾಗಿದ್ದವು. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಮೇಷ್ಟ್ರು ಇನ್ನೊಂದು ಚೀಟಿ ಬಿಡಿಸಿ ಅವಳ ಮುಂದಿಟ್ಟರು.

"ಆ ಮೂರೂ ಹಳೇ ಮಾದರಿಯವು. ಬೇಕಂತಲೇ ಸೇರಿಸಿದ್ದೆ. ಬಣ್ಣ ಹೇಳಿದ್ರೆ ನಿಮ್ಮ ಕಣ್ಣು ಬದಲಾಗತ್ತಾ ನೋಡೋಣ ಅಂತ. ಹೊಸದರಲ್ಲಿ ಐವತ್ತೇಳಕ್ಕೆ ಐವತ್ತೇಳು!"

"ಅಯ್ಯೋ ಪುಣ್ಯಾತ್ಮ! ನನ್ನ ಜೀವ ಬಾಯಿಗೆ ಬಂದಿತ್ತು!" ಕೂಗಿದ ಮೇಲೆಯೇ ಮೇಷ್ಟ್ರನ್ನು ಏನೆಂದು ಕರೆದೆನೆಂದು ಅವಳಿಗೆ ಹೊಳೆದದ್ದು. ಅವರು ಹೊಟ್ಟೆ ಹಿಡಿದು ನಗುತ್ತಿದ್ದರು.

"ಮೊದಲು ಟೀ ಕುಡಿಯೋಣ ಬನ್ನಿ. ಆಮೇಲೆ ಈ ಭಾಗ ನೀವೇ ಬರೀರಿ."

"ನೀವು ಕುಡೀರಿ ಸಾರ್," ಎಂದಳು ಅವಳು, ಹೊಸ ತಟ್ಟೆಯನ್ನು ಆಗಲೇ ಹತ್ತಿರಕ್ಕೆ ಎಳೆದುಕೊಳ್ಳುತ್ತಾ. "ಅದಲುಬದಲು ಬಣ್ಣದಿಂದ ಆಚೆಗೂ ನಿಂತಿದ್ಯೋ ಏನೋ, ನೋಡೇ ಬಿಡ್ತೀನಿ."