ಹುಲಿಗೆವ್ವನ ಎಡಗಾಲಿನ ಚಪ್ಪಲಿ

ನಾನು ಹುಟ್ಟಿದ್ದು ಒಂದು ಜೋಳದ ದಂಟಿನಿಂದ. ಚಪ್ಪಲಿ ಹುಟ್ಟುವುದು ತೊಗಲಿನಿಂದ ಅಲ್ಲವೇ ಎಂದು ನೀವು ಕೇಳಬಹುದು. ತೊಗಲು ಆಮೇಲೆ ಬಂತು.

ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಅವತ್ತು ಹುಲಿಗೆವ್ವನ ನಿಶ್ಚಯ. ಆಗಷ್ಟೇ ಸಾರಿಸಿದ್ದ ಅಂಗಳವನ್ನು ಹುಡುಗಿ ಕೊಡ ಹೊತ್ತು ದಾಟಿದಳು. ಹಸಿ ಸಗಣಿಯ ಮೇಲೆ ಅವಳ ಎಡ ಹೆಜ್ಜೆ ಅಚ್ಚೊತ್ತಿ ಉಳಿಯಿತು. ಹಿರಿಯರು ಮಾತಿಗೆ ಕೂತಿದ್ದಾಗ ಗಂಡು ಯಮನೂರಪ್ಪ ಬಣವೆಯಿಂದ ಒಂದು ದಂಟು ಎಳೆದ. ಆ ಹೆಜ್ಜೆಯ ಉದ್ದಕ್ಕೆ ಸರಿಯಾಗಿ ಮುರಿದು ಅಂಗಿಯ ತೋಳಿನೊಳಗೆ ಸೇರಿಸಿಕೊಂಡ. ಮದುವೆಗೆ ಗಂಡಿನವರು ಸೀರೆಯ ಜೊತೆ ಚಪ್ಪಲಿಯನ್ನೂ ಒಯ್ಯುವುದು ಅವರ ಮನೆತನದ ಪದ್ಧತಿ. ಅಳತೆ ಕೇಳಲು ಮಾತ್ರ ಅವನಿಗೆ ನಾಚಿಕೆ.

ದಂಟು ನೋಡಿ ಸಮಗಾರ ದುರಗಪ್ಪ, "ನನಗ ಮೇವು ತಂದೀಯೇನಲೇ?" ಎಂದ.

"ಅಳತಿ ಕಾಕಾ. ಕೆಂಪು ಗೊಂಡೆ ಹಚ್ಚು, ದೊಡ್ಡದು. ಊರಾಗ ಬ್ಯಾರೆ ಯಾರ ಕಾಲಾಗೂ ಅಂಥಾದ್ದು ಇರಬಾರದು."

"ಲಗ್ನ ಆಗೂಕಿಂತ ಮೊದ್ಲ ಹೇಣ್ತಿ ಕಾಲು ಹಿಡದ್ಯಲ್ಲೋ," ಎಂದು ದುರಗಪ್ಪ ನಗುತ್ತಲೇ ನನ್ನನ್ನೂ ನನ್ನ ಬಲಗಾಲಿನ ಜೋಡಿಯನ್ನೂ ಹೊಲಿದ.

ಹುಲಿಗೆವ್ವನ ಕಾಲಿಗಿಂತ ಅವಳ ಕೈಯಲ್ಲೇ ನಾವು ಹೆಚ್ಚು ಇದ್ದೆವು. ಕಟ್ಟೆಯ ಮೇಲೆ ಹಿರಿಯರು ಕೂತಿದ್ದರೆ ನಮ್ಮನ್ನು ಕಳಚಿ ಕೈಗೆ ತೆಗೆದುಕೊಳ್ಳುವಳು. ಹಾದಿಯಲ್ಲಿ ಮಾವನ ವಾರಿಗೆಯವರು ಎದುರಾದರೂ ಅಷ್ಟೇ. ಹೊಲದ ದಾರಿಗೆ ಬಿದ್ದ ಮೇಲೆ ಮಾತ್ರ ಮೆಟ್ಟಿಕೊಂಡು, ಗೊಂಡೆ ಕುಣಿಯಲಿ ಅಂತ ಬೇಕೆಂದೇ ಕಾಲು ಎತ್ತಿ ಎತ್ತಿ ಹಾಕುವಳು. ಹಿಂದಿನಿಂದ ಬರುತ್ತಿದ್ದ ಯಮನೂರಪ್ಪ ಅದನ್ನು ನೋಡುತ್ತಿದ್ದ. ನಾನು ಅಷ್ಟು ಸುಖವನ್ನು ಮತ್ತೆ ಕಾಣಲಿಲ್ಲ.

ಮುಂದೆ ಅವನು ಟೈಲ್ಸ್ ಕೂರಿಸುವ ಕೆಲಸಕ್ಕೆ ಮಂಗಳೂರಿಗೆ ಹೋದ. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದ. ಬರುಬರುತ್ತಾ ಫೋನಷ್ಟೇ ಬರತೊಡಗಿತು. ಕಡೆಗೆ ಅದೂ ನಿಂತು ಹೋಯಿತು. ಅವನ ತಾಯಿ ಸಿದ್ದವ್ವ ಬಾಗಿಲಿಗೆ ಮುಖ ಮಾಡಿಯೇ ಉಣ್ಣುವುದನ್ನು ರೂಢಿ ಮಾಡಿಕೊಂಡಳು.

ಒಂದು ದಿನ ಹುಲಿಗೆವ್ವ ಅಂದಳು: "ಅತ್ತಿ, ನಾನ ಹೋಗಿ ಕರಕೊಂಡ ಬರ್ತೀನಿ."

"ನೀ ಕೊಪ್ಪಳದ ಸಂತಿ ಬಿಟ್ಟ ಮುಂದ ಹೋದಾಕಿ ಅಲ್ಲ."

"ಬಸ್ಸಿಗೆ ದಾರಿ ಗೊತ್ತಿರ್ತೈತಿ, ನನಗ ಯಾಕ?"

ಸಿದ್ದವ್ವ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟಳು. "ಬೈಬ್ಯಾಡ ಅವಗ. ಮೊದ್ಲ ಉಣಸು, ಆಮ್ಯಾಲ ಕರಿ," ಎಂದಳು.

ಬಸ್ಸಿನ ಬಾಗಿಲಲ್ಲಿ ಹುಲಿಗೆವ್ವ ನಮ್ಮನ್ನು ಕಳಚಿ ನೆಲದ ಮೇಲೆ ನೀಟಾಗಿ ಜೋಡಿಸಿಟ್ಟು ಹತ್ತಿದಳು. ಬಸ್ಸು ಹೊರಟೇಬಿಟ್ಟಿತು. ನಾವಿಬ್ಬರೂ ನಿಲ್ದಾಣದಲ್ಲಿ. ಕಿಟಕಿಯಿಂದ ಅವಳು ಕೂಗಿದ್ದಕ್ಕೆ ಕಂಡಕ್ಟರ್ ಸೀಟಿ ಊದಿ ನಿಲ್ಲಿಸಿ, ತಾನೇ ಇಳಿದು ಬಂದು ನಮ್ಮನ್ನು ಎತ್ತಿಕೊಂಡ.

"ಯವ್ವಾ, ಇದು ಗುಡಿ ಅಲ್ಲ, ಬಸ್ಸು."

"ಒಳಗ ಹಿರ್ಯಾರು ಕುಂತಾರಲ್ರಿ."

"ಅವರೂ ಮೆಟ್ಟಿಕೊಂಡ ಕುಂತಾರವ್ವ, ಬೇಕಾದ್ರ ಬಗ್ಗಿ ನೋಡು."

ಅವಳು ನಿಜಕ್ಕೂ ಬಗ್ಗಿ ನೋಡಿದಳು. ಇಡೀ ಬಸ್ಸು ನಕ್ಕಿತು. ಅವಳೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಬೆಳಗಾದಾಗ ಕಿಟಕಿಯಾಚೆ ಸಮುದ್ರವಂತೆ. ನಾನಿದ್ದದ್ದು ಸೀಟಿನ ಕೆಳಗೆ, ನನಗೆ ಕೇಳಿಸಿದ್ದು ಅವಳ ಮಾತು ಮಾತ್ರ: "ಏನ್ರೀ ಇದು, ಈ ಹಳ್ಳಕ್ಕ ಆ ಕಡಿ ದಂಡಿನ ಇಲ್ಲಲ್ರಿ!" ಪಕ್ಕದವರು ಅದು ಹಳ್ಳವಲ್ಲ ಎಂದು ಎಷ್ಟು ತಿಳಿಸಿದರೂ, ಇಷ್ಟು ನೀರಿದ್ದೂ ಯಾರೂ ಯಾಕೆ ಹೊಲಕ್ಕೆ ಹಾಯಿಸುತ್ತಿಲ್ಲ ಎಂಬ ಅವಳ ಸಂಶಯ ಹೋಗಲಿಲ್ಲ. ಮಂಗಳೂರಿನ ಸಿಟಿ ಬಸ್ಸಿನಲ್ಲಿ "ಎಲ್ಲಿ ಇಳಿಲಿಕ್ಕುಂಟು ನಿಮಗೆ?" ಎಂದು ಕೇಳಿದ ಕಂಡಕ್ಟರನಿಗೆ "ನಮ್ಮನಿಯವರು ಎಲ್ಲಿ ಅದಾರೋ ಅಲ್ಲಿ" ಎಂದಳು. ಅವನು ನಗಲಿಲ್ಲ ಪಾಪ. ಯಮನೂರಪ್ಪ ಹಿಂದೊಮ್ಮೆ ಹೇಳಿದ್ದ ಕಟ್ಟಡದ ಹೆಸರು ಅವಳಿಗೆ ಬಾಯಿಪಾಠ ಆಗಿತ್ತು. ಕಂಡಕ್ಟರ್ ಅವಳನ್ನು ಅದರ ಎದುರಿಗೇ ಇಳಿಸಿದ.

ಕಟ್ಟಡ ಮುಗಿದು ನಿಂತಿತ್ತು. ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಕೆಲಸದವರು ಮೇಲಿದ್ದಾರೆ, ಅಲ್ಲಿ ಕೇಳು ಎಂದು ಯಾರೋ ಹೇಳಿದರು. ಅಂಥ ನೆಲದ ಮೇಲೆ ಮೆಟ್ಟಿಕೊಂಡು ನಡೆಯುವುದುಂಟೇ? ಲಿಫ್ಟಿನ ಬಾಗಿಲ ಮುಂದೆ ನಮ್ಮನ್ನು ಬಿಟ್ಟು ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ, ಮೆಟ್ಟಿಲ ಸಂದಿಯಲ್ಲಿ ಅವಳ ದನಿ ಇಳಿದು ಬಂತು.

"ನನ್ನ ಚಪ್ಲಿ ಯಾರ ಒಯ್ದ್ರಿ? ಈಗ ಇಲ್ಲೇ ಬಿಟ್ಟಿದ್ನಲ್ಲ! ಹೊಸಾಕಿ ಅಂತ ಹಿಂಗ ಮಾಡೂದಾ?"

ಎಲ್ಲ ಅಂತಸ್ತಿನಲ್ಲೂ ಅದೇ ಬಾಗಿಲು, ಅದೇ ಬಣ್ಣದ ಕಲ್ಲು. ಆ ಕಲ್ಲು ಕೂರಿಸಿದವನು ಅವಳ ಗಂಡನೇ. ಅವಳು ಒಂದೊಂದೇ ಅಂತಸ್ತು ಹುಡುಕುತ್ತಾ, ಕಂಡವರನ್ನೆಲ್ಲ ಕೇಳುತ್ತಾ ಇಳಿದು ಬಂದಾಗ, ವಾಚ್‌ಮನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ರೋಣದ ಕಡೆಯವನು, ಗವಿಸಿದ್ದಪ್ಪ ಅಂತ.

"ಚಪ್ಲಿ ಇದ್ದಲ್ಲೇ ಅದಾವ ತಂಗಿ. ಏರಿ ಹೋದಾಕಿ ನೀನು."

ತನ್ನ ಕಡೆಯ ಮಾತು ಕೇಳಿ ಅವಳು ಅವನ ಹತ್ತಿರಕ್ಕೆ ಬಂದಳು. "ಅಣ್ಣಾ, ಟೈಲ್ಸ್ ಯಮನೂರಪ್ಪನ ಮನಿ ಎಲ್ಲೈತಿ?"

"ನೀ ಅವಗ ಏನಾಗಬೇಕು?"

"ಹೇಣ್ತಿ."

ಗವಿಸಿದ್ದಪ್ಪನ ನಗು ನಿಂತಿತು. ಅವನ ಬೂಟು ಒಂದು ಹೆಜ್ಜೆ ಹಿಂದೆ ಸರಿದದ್ದು ನನಗೆ ಕಂಡಿತು. "ಬಿಸಿಲು ಭಾಳ ಐತಿ. ಊರಿಗಿ ಹೋಗಬಾರದೇನವ್ವ?" ಎಂದ.

"ಇಷ್ಟು ದೂರ ಬಂದು ಹಂಗ ಹೋಗಲೇನಣ್ಣ?"

ಕಡೆಗೆ ದಾರಿ ಹೇಳಿದ. ಹೇಳುವಾಗ ನೆಲ ನೋಡುತ್ತಿದ್ದ. ನೆಲದ ಮೇಲೆ ನಾವಿದ್ದೆವು.

ಅದು ಬಾವಿಯ ಪಕ್ಕದ ಹೆಂಚಿನ ಮನೆ. ಬಾಗಿಲಲ್ಲಿ ಅವಳು ನಮ್ಮನ್ನು ಬಿಟ್ಟಳು. ಇಂಥ ಕಡೆ ಮನುಷ್ಯರಿಗಿಂತ ಮೊದಲು ಚಪ್ಪಲಿಗೆ ತಿಳಿಯುತ್ತದೆ. ಅಲ್ಲಿ ಹೆಂಗಸಿನ ಒಂದು ಜೊತೆ ಇತ್ತು, ಹಿಮ್ಮಡಿ ಸವೆದದ್ದು. ಅದಕ್ಕೆ ಒರಗಿಕೊಂಡು ಅಂಗೈಯಷ್ಟು ಉದ್ದದ ಒಂದು ಜೊತೆ, ಒತ್ತಿದರೆ ಪೀಂ ಅನ್ನುವಂಥದ್ದು. ಗೋಡೆಗೆ ಗಂಡಸಿನ ಹಳೆಯ ರಬ್ಬರ್ ಚಪ್ಪಲಿ, ಉಂಗುಟದ ಬಳಿ ಬಿಳಿ ಸಿಮೆಂಟು ಮೆತ್ತಿದ್ದು. ಆ ಕಾಲಿನ ಗುರುತು ನನಗೆ ಗೊತ್ತು. ಹುಲಿಗೆವ್ವ, ಒಳಗೆ ಹೋಗಬೇಡ ಎನ್ನಬೇಕೆನಿಸಿತು.

ಮೊರದಲ್ಲಿ ಬೀಡಿ ಎಲೆ ಇಟ್ಟುಕೊಂಡು ಕತ್ತರಿಸುತ್ತಿದ್ದ ಹೆಂಗಸು ತಲೆಯೆತ್ತಿದಳು. ಹೆಸರು ವಾರಿಜ ಎಂದು ಆಮೇಲೆ ತಿಳಿಯಿತು.

"ಯಾರು ಬೇಕಿತ್ತು?"

"ಯಮನೂರಪ್ಪ... ನಾ ಅವರ ಊರಾಕಿ."

"ಓ, ಅವರ ತಂಗಿಯಾ? ಊರಲ್ಲಿ ಅಮ್ಮ, ಒಬ್ಬಳು ತಂಗಿ, ಅಷ್ಟೇ ಇರೋದು ಅಂತ ಹೇಳಿದ್ದಾರೆ. ಬನ್ನಿ, ಒಳಗೆ ಬನ್ನಿ. ಮದುವೆಗಾದ್ರೂ ಬರಬಹುದಿತ್ತಲ್ಲ ನೀವು."

ಹುಲಿಗೆವ್ವನ ಕಾಲಿನ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಆಮೇಲೆ ಅವಳ ದನಿ ಕೇಳಿಸಿತು.

"ಹೌದ್ರಿ. ತಂಗಿ."

ಯಾಕೆ ಹಾಗೆಂದಳು? ವಾರಿಜಳ ಹಿಂದಿನಿಂದ ಆಗಷ್ಟೇ ನಡೆಯಲು ಕಲಿತ ಒಂದು ಕೂಸು ಗೋಡೆ ಹಿಡಿದು ಬಂದಿತ್ತು. ಅದಕ್ಕೇ ಇರಬೇಕು. ಕೂಸು ಸೀದಾ ಹೊಸಿಲು ದಾಟಿ ನನ್ನ ಕೆಂಪು ಗೊಂಡೆ ಹಿಡಿದುಕೊಂಡಿತು. ತನ್ನ ಎರಡೂ ಪುಟ್ಟ ಪಾದಗಳನ್ನು ನನ್ನೊಬ್ಬನೊಳಗೇ ತೂರಿಸಿ ನಡೆಯಲು ಹೋಗಿ ಕೂತುಬಿಟ್ಟಿತು.

"ಏ, ಅತ್ತೆಯ ಚಪ್ಪಲಿ ಅದು, ಬಿಡು," ಎಂದು ವಾರಿಜ ಗದರಿದಳು.

"ಇರ್ಲಿ ಬಿಡು ಅತ್ತಿಗಿ. ಆಡ್ಲಿ."

ಅತ್ತಿಗಿ ಎಂದಳು. ಒಳಗೆ ಗಂಟು ಬಿಚ್ಚುವ ಸದ್ದಾಯಿತು. ಹೋಳಿಗೆ ಮುರಿದು ಕೂಸಿಗೆ ತಿನ್ನಿಸಿದಳು. ಮೀನಿನ ಸಾರು ಬಡಿಸುತ್ತೇನೆ ಎಂದ ವಾರಿಜಳಿಗೆ, "ಮುಳ್ಳು ತಿನ್ನಾಕ ನಮಗ ಬರೂದಿಲ್ಲವ್ವ, ನಾವು ತುಳಿಯೂ ಮಂದಿ," ಎಂದು ನಗಿಸಿದಳು. ಸಾಯಂಕಾಲದವರೆಗೆ ಕಾದಳು. ನೋಡಿಯಾದರೂ ಹೋಗೋಣ ಅಂತ. ಒಮ್ಮೆ ಮುಖ ನೋಡಿದರೆ ಸಾಕಾಗಿತ್ತು ಅವಳಿಗೆ.

ಹೊತ್ತು ಮುಳುಗುವ ಸಮಯಕ್ಕೆ ಅವನು ಬಂದ.

ಕೂಸು ಎಳೆದಾಡಿ ನನ್ನನ್ನು ಅಂಗಳದ ನಡುವೆ ಬೋರಲು ಹಾಕಿ ಹೋಗಿತ್ತು. ಅವನ ಕಾಲು ನನ್ನ ಹತ್ತಿರ ಬಂದು ತಟ್ಟನೆ ನಿಂತಿತು. ಒಳಗಿನಿಂದ ಅವಳ ಮಾತು ಕೇಳಿಸುತ್ತಿತ್ತು, ಕೂಸಿಗೆ ನಮ್ಮೂರಿನ ಕೋಳಿ ಹೇಗೆ ಕೂಗುತ್ತದೆ ಎಂದು ತೋರಿಸುತ್ತಿದ್ದಳು. ಅವನು ಅಲ್ಲಾಡಲಿಲ್ಲ. ಆಮೇಲೆ ಬಗ್ಗಿದ. ಬೋರಲು ಬಿದ್ದ ಚಪ್ಪಲಿ ಮನೆಗೆ ಜಗಳ ತರುತ್ತದೆ ಅನ್ನುತ್ತಾರೆ ನಮ್ಮ ಕಡೆ. ನನ್ನನ್ನು ಎತ್ತಿ, ಮಣ್ಣು ಒರೆಸಿ, ಗೊಂಡೆ ಬಿಡಿಸಿ, ಬಾಗಿಲ ಬಳಿ ನನ್ನ ಜೋಡಿಯ ಪಕ್ಕದಲ್ಲಿ ಇಟ್ಟ. ಬಾಗಿಲು ತೆರೆದೇ ಇತ್ತು. ಒಂದೇ ಒಂದು ಹೆಜ್ಜೆ ಸಾಕಿತ್ತು.

ಅವನು ತನ್ನ ಕಾಲಿನ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡು, ಸದ್ದಾಗದ ಹಾಗೆ ಬರಿಗಾಲಲ್ಲಿ ಬಂದ ದಾರಿಯಲ್ಲೇ ಹೊರಟುಹೋದ.

"ಇವತ್ತೇ ಅವರಿಗೆ ತಡ ಆಗ್ಬೇಕಾ!" ಎಂದು ವಾರಿಜ ಪೇಚಾಡಿದಳು. "ಇದ್ದು ನಾಳೆ ಹೋಗಿ."

"ಬಸ್ಸು ಐತ್ರಿ. ಅವ್ವ ಒಬ್ಬಾಕಿನ ಅದಾಳ."

"ಬಂದಾಗ ಏನು ಹೇಳ್ಲಿ?"

ಹುಲಿಗೆವ್ವ ನನ್ನೊಳಗೆ ಕಾಲು ತೂರಿಸುತ್ತಿದ್ದಳು. ಕೂಸು ಎಳೆದಾಡಿದ್ದು ಅವಳ ಮನಸ್ಸಿನಲ್ಲೇ ಇರಲಿಲ್ಲ. ಹಾಗಾಗಿ ನಾನು ಇಷ್ಟು ಸರಿಯಾಗಿ ಹೇಗೆ ಕೂತಿದ್ದೇನೆ ಎಂದು ಅವಳು ಕೇಳಿಕೊಳ್ಳಲೂ ಇಲ್ಲ.

"ರೊಟ್ಟಿ ಇಟ್ಟೀನಿ, ಉಣ್ಣು ಅನ್ನು," ಎಂದಳು.

ಊರಲ್ಲಿ ಸಿದ್ದವ್ವ ಬಾಗಿಲಲ್ಲೇ ಇದ್ದಳು. ಸೊಸೆಯ ಹಿಂದೆ ಯಾರೂ ಇಲ್ಲದ್ದನ್ನು ನೋಡಿಯೂ ನೋಡದವಳಂತೆ ಕೇಳಿದಳು: "ಸಿಕ್ಕಿದ್ನೇನು?"

"ಸಿಕ್ಕಿದ್ದ."

"ಸೊರಗ್ಯಾನೇನು?"

"ಇಲ್ಲತ್ತಿ, ಮೈ ಹಿಡದಾನ. ರೊಟ್ಟಿ ಕಂಡು ಗಬಗಬ ತಿಂದ. ಕೆಲಸ ಭಾಳ ಐತಂತ."

"ಉಂಡ್ನಲ್ಲ, ಅಷ್ಟ ಸಾಕು," ಎಂದು ಸಿದ್ದವ್ವ ಕಣ್ಣೊರೆಸಿಕೊಂಡಳು. ಅದನ್ನೇ ನಂಬಿಕೊಂಡು ಎರಡು ಸುಗ್ಗಿ ಬದುಕಿ ಹೋದಳು. ಮಣ್ಣಿಗೂ ಮಗ ಬರಲಿಲ್ಲ. ಅವನಿಗೆ ಸುದ್ದಿ ಮುಟ್ಟಿತೋ ಇಲ್ಲವೋ ಯಾರಿಗೂ ತಿಳಿಯದು.

ಆಮೇಲೆ ನಾನು ಹುಲಿಗೆವ್ವನ ಜೊತೆ ಮಂದಿಯ ಹೊಲಗಳಲ್ಲೆಲ್ಲ ಸವೆದೆ. ಅಟ್ಟೆ ಎಷ್ಟೋ ಸಲ ಬದಲಾಯಿತು. ಗೊಂಡೆ ಉದುರಿತು. ನನ್ನ ಬಲಗಾಲಿನ ಜೋಡಿಯನ್ನು ನಾಯಿ ಕಚ್ಚಿಕೊಂಡು ಹೋಯಿತು. ಒಂಟಿ ಚಪ್ಪಲಿಯನ್ನು ಯಾರು ಮೆಟ್ಟುತ್ತಾರೆ? ಅವಳು ದುಡಿದು ಒಂದು ಎಮ್ಮೆ ಕಟ್ಟಿದಳು. ಅದು ಕರು ಹಾಕಿದಾಗ, ಕಣ್ಣು ಬೀಳದಿರಲಿ ಅಂತ ನನ್ನನ್ನು ಕೊಟ್ಟಿಗೆಯ ತೊಲೆಗೆ ತೂಗುಹಾಕಿದಳು.

ಹುಟ್ಟಿದಾಗಿನಿಂದ ಮನುಷ್ಯರನ್ನು ಕೆಳಗಿನಿಂದ ನೋಡಿದವ ನಾನು. ಈಗ ಅವಳ ಬೈತಲೆ ಕಾಣುತ್ತದೆ. ಅಲ್ಲೊಂದು ಇಲ್ಲೊಂದು ಬಿಳಿ ಕೂದಲು, ನಡುವೆ ದಿನವೂ ತಪ್ಪದ ಕುಂಕುಮ. ಹಾಲು ಹಿಂಡುವಾಗ ಅವಳು ಎಮ್ಮೆಯ ಜೊತೆ ಮಾತಾಡುತ್ತಾಳೆ. ಯಾವಾಗಲೂ ಒಂದೇ ಮಾತು.

"ಅವತ್ತ ಅವಗ ನಾ ಬಂದದ್ದು ಗೊತ್ತ ಇದ್ದಿದ್ದಿಲ್ಲ ನೋಡು. ಗೊತ್ತಿದ್ರ ಕೆಲಸ ಬಿಟ್ಟು ಓಡಿ ಬರ್ತಿದ್ದ. ಬೈತಿದ್ದಿಲ್ಲ ನಾ. ಸುಮ್ನ ನೋಡಿ ಬರ್ತಿದ್ದೆ."

ಎಮ್ಮೆ ಕಿವಿ ಅಲ್ಲಾಡಿಸುತ್ತದೆ. ನಾನು ತೊಲೆಯ ಮೇಲಿಂದ ಕೇಳಿಸಿಕೊಳ್ಳುತ್ತೇನೆ. ನನಗೆ ಬಾಯಿ ಬಂದರೆ ಏನು ಹೇಳಬೇಕೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವನು ಬಂದಿದ್ದ ಎಂದರೆ, ಹೋದ ಎಂದೂ ಹೇಳಬೇಕಾಗುತ್ತದೆ. ಹಾಲಿನ ಸದ್ದು ನಿಲ್ಲುತ್ತದೆ. ಅವಳು ಎದ್ದು ಕರುವನ್ನು ತಾಯಿಯ ಕೆಳಗೆ ಬಿಡುತ್ತಾಳೆ.