ಬರೆದು ಆಡುವ ಮೇಷ್ಟ್ರು

ಬೆನ್ನಿಗೆ ಮತ್ತೆ ದಿಂಬು ಇಟ್ಟಿದ್ದಾರೆ, ಕೇಳದೆಯೇ ಇಡುತ್ತಾರೆ ಈ ಮಿಲುಟಿನ್ ಮೇಷ್ಟ್ರು, ಹೀಟರನ್ನೂ ನನ್ನ ಕಾಲಿನ ಕಡೆ ತಿರುಗಿಸಿದ್ದಾರೆ, ಇಂಥವರಿಗೆ ನಾನು ಹೇಳಬೇಕಂತೆ, ಮುಂದಿನ ವಾರದಿಂದ ನನ್ನ ಮೊಮ್ಮಗಳು ಯಾಮಿನಿ ಚೆಸ್ ಪಾಠಕ್ಕೆ ಬರುವುದಿಲ್ಲ ಎಂದು — ಅಮ್ಮ, ನೀನೇ ಹೇಳ್ಬಿಡು, ನೀನು ಹೇಳಿದ್ರೆ ಅವರಿಗೆ ಬೇಜಾರಾಗಲ್ಲ, ಎಂದಳು ಮಧುರಾ, ಕಾರಿನಿಂದ ಇಳಿಯಲೂ ಇಲ್ಲ, ಮೀಟಿಂಗ್ ಇದೆ ಎಂದು ರೆಡ್ಮಂಡಿನ ಆಫೀಸಿಗೆ ಹೊರಟೇಬಿಟ್ಟಳು, ಅಲ್ಲಿ ನಲವತ್ತು ಜನರನ್ನು ಆಳುವ ಮಗಳು, ಎರಡು ಮಾತು ಹೇಳಲು ಮಂಡಿನೋವಿನ ತಾಯಿ ಬೇಕು. ಮೇಷ್ಟ್ರದೂ ತಪ್ಪಿದೆ, ಇಲ್ಲ ಎನ್ನಲಾರೆ. ನಡೆಯನ್ನು ಮೊದಲು ಹಾಳೆಯಲ್ಲಿ ಬರೆ, ಪೆನ್ನು ಕೆಳಗಿಡು, ಇನ್ನೊಮ್ಮೆ ಹಲಗೆ ನೋಡು, ಆಮೇಲೆ ಕಾಯಿ ಮುಟ್ಟು — ಬೆಲ್‌ಗ್ರೇಡಿನಲ್ಲಿ ಒಂಬತ್ತು ವರ್ಷದ ಹುಡುಗನಾಗಿ ಕಲಿತದ್ದು, ಹಾಗೆ ಬರೆದು ಆಡಿಯೇ ಇಪ್ಪತ್ತೆರಡಕ್ಕೆ ಗ್ರ್ಯಾಂಡ್‌ಮಾಸ್ಟರ್ ಆದವರು, ಆಮೇಲೆ ಯುದ್ಧ, ದೇಶವೇ ಒಡೆಯಿತು, ಪಂದ್ಯಗಳಿಗೆ ಕರೆಯುವವರಿಲ್ಲ, ಇಲ್ಲಿಗೆ, ಈ ಪರದೇಶಕ್ಕೆ ಬಂದು ಹಗಲು ಯಾವುದೋ ಕಂಪನಿಯ ಷಟಲ್ ಬಸ್ಸು ಓಡಿಸಿದರು, ಸಂಜೆ ಈ ಫ್ಯಾಕ್ಟೋರಿಯಾ ಬಡಾವಣೆಯ ಮಹಡಿಯ ಪುಟ್ಟ ಮನೆಯಲ್ಲಿ ಮಕ್ಕಳಿಗೆ ಕಲಿಸಿದರು. ಆದರೆ ನಿಯಮ ಬದಲಾಗಿ ಎಷ್ಟೋ ವರ್ಷವಾಯಿತಲ್ಲ, ಈಗ ಆಡಿದ ಮೇಲೆಯೇ ಬರೆಯಬೇಕು, ನಾನೇ ಹೇಳಿದ್ದೆ, ಕೈ ಬೀಸಿಬಿಟ್ಟರು, ನಿಯಮ ಮಾಡೋರು ಆಡೋದಿಲ್ಲ ಮೇಡಂ ಎಂದು. ಹೋದ ಭಾನುವಾರದ ಪಂದ್ಯದಲ್ಲಿ ಯಾಮಿನಿ ಬರೆದು ಆಡಿದಳು, ತೀರ್ಪುಗಾರರು ಒಮ್ಮೆ ಎಚ್ಚರಿಸಿದರು, ಎರಡನೆಯ ಸಲಕ್ಕೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಕೊಟ್ಟರು, ಮಗು ಅಳುತ್ತಾ ಗೆಲ್ಲುವ ಆಟ ಸೋತಿತು. ಇನ್ನು ಕಂಪ್ಯೂಟರಿನಲ್ಲೇ ಕಲೀಲಿ ಬಿಡಮ್ಮ, ಎಂದಳು ಮಧುರಾ, ಕಂಪ್ಯೂಟರಿನಲ್ಲಿ, ಮಗು ಅತ್ತರೆ ಅದು ಈ ಮೇಷ್ಟ್ರ ಹಾಗೆ ಆಟ ನಿಲ್ಲಿಸಿ ಕಿತ್ತಳೆ ಸುಲಿದು ಕೊಡುತ್ತದೆಯೇ, ಬೀಜ ತೆಗೆದು, ಒಂದೊಂದೇ ತೊಳೆ — ಗಂಟೆ ಮುಗಿಯುತ್ತಾ ಬಂತು, ಹೇಳಿಬಿಡಬೇಕು, ಮೇಷ್ಟ್ರೇ, ಒಂದು ಮಾತು, ಎಂದೆ, ಅವರು ಹಲಗೆಯಿಂದ ಕಣ್ಣೆತ್ತಲಿಲ್ಲ, ಗೊತ್ತು ಮೇಡಂ, ನಿಮ್ಮ ಅಳಿಯಂದು ನಿನ್ನೆಯೇ ಮೇಲ್ ಬಂತು. ಬಂತೇ. ಒಂದೇ ಮನೆ, ಒಂದೇ ಮಂಚ, ಗಂಡ ಮೇಲ್ ಕಳಿಸಿದ್ದು ಹೆಂಡತಿಗೆ ಗೊತ್ತಿಲ್ಲ, ನಾನು ಬೆಳಗಿನಿಂದ ತಿಂಡಿಯೂ ಸೇರದೆ ಮಾತು ಹೊಂದಿಸಿಕೊಂಡು ಕೂತಿದ್ದೇನೆ, ಮತ್ತೆ ಈ ಮನುಷ್ಯ, ಎಲ್ಲ ಗೊತ್ತಿದ್ದೂ ಒಂದು ಗಂಟೆಯಿಂದ ಪಾಠ ಮಾಡುತ್ತಿದ್ದಾರೆ, ಹತ್ತು ನಿಮಿಷ ಹೆಚ್ಚು ತಗೋತೀನಿ ಮೇಡಂ, ಶನಿವಾರ ಇವಳಿಗೆ ಪಂದ್ಯ ಇದೆ, ಯಾಮಿನಿ, ಇಲ್ಲಿ ನೋಡು, ಮೊದಲು ಕಾಯಿ, ಆಮೇಲೆ ಪೆನ್ನು, ನನ್ನ ಹಾಗೆ ಮಾಡು — ಎಂದವರೇ ಕೈ ಚಾಚಿದರು, ಅದು ನೇರ ಪೆನ್ನಿಗೆ ಹೋಯಿತು, ಮುಟ್ಟುವ ಮೊದಲು ನಿಂತಿತು. ಯು ಡಿಡ್ ಇಟ್ ಅಗೈನ್, ಎಂದು ನಕ್ಕಳು ಹುಡುಗಿ, ಅವರೂ ನಕ್ಕರು, ಇನ್ನೊಂದು ಸಲ ಎಂದರು, ಮತ್ತೆ ಪೆನ್ನಿಗೇ. ಫೋನು ಗುಂಯ್ ಎನ್ನುತ್ತಿದೆ, ಮಧುರಾ ಕೆಳಗೆ ಬಂದಿರಬೇಕು, ಕಾಯಲಿ, ನಾನು ಏಳುವುದಿಲ್ಲ, ಅವಳೇ ಮೇಲೆ ಬಂದು ನೋಡಲಿ, ಐವತ್ತು ವರ್ಷದ ಅಭ್ಯಾಸವನ್ನು ಈ ಹತ್ತು ನಿಮಿಷದಲ್ಲಿ ಬಿಡಲು ಹೊರಟ ಈ ಕೈ, ಪೆನ್ನಿಗೂ ಕುದುರೆಗೂ ನಡುವೆ, ಗಾಳಿಯಲ್ಲಿ, ಈ ಕೈ —